ಹೇಳದ ಚಿಂತೆಯ ಭಾರ

ಗೃಹಸ್ಥನೊಬ್ಬನು ಸಾಲ ಮಾಡಿರುವನು, ಹೆಂಡತಿಗೆ ತಿಳಿಸಿಲ್ಲ. ಬಾಗಿಲು ಸದ್ದಾದಾಗಲೆಲ್ಲ ಅವನ ಎದೆ ಹಾರುವುದು. ಮಕ್ಕಳು ಪುಸ್ತಕ ಕೇಳಿದರೆ ಸಿಡುಕುವನು. ಸಾಲ ದೊಡ್ಡದಲ್ಲದಿರಬಹುದು, ಅದನ್ನು ಬಚ್ಚಿಡುವ ಪಾಡೇ ದೊಡ್ಡದು.

ಇಂತಹ ಚಿಂತೆಯನ್ನು ಮರೆಯಲು ನಾವು ಹೆಣಗುತ್ತೇವೆ. ಆದರೆ ಮರೆವು ಹಟಕ್ಕೆ ಒಲಿಯುವುದೆ? ಡೇನಿಯಲ್ ವೆಗ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೧೯೮೭ರಲ್ಲಿ ಪ್ರಕಟಿಸಿದ ಪ್ರಯೋಗವೊಂದುಂಟು. ಐದು ನಿಮಿಷ ಬಿಳಿಯ ಕರಡಿಯನ್ನು ನೆನೆಯಕೂಡದು, ನೆನಪಾದರೆ ಗಂಟೆ ಬಾರಿಸಬೇಕು ಎಂದು ಅವರು ವಿದ್ಯಾರ್ಥಿಗಳಿಗೆ ವಿಧಿಸಿದರು. ಗಂಟೆಯು ಮತ್ತೆ ಮತ್ತೆ ಮೊಳಗಿತು. ಮರೆತೆವೋ ಇಲ್ಲವೋ ಎಂದು ಕಾವಲು ನಿಲ್ಲುವ ಮನಸ್ಸೇ ಮರೆಯಬೇಕಾದುದನ್ನು ಎಳೆದು ತರುವುದೆಂದು ಅವರು ಮುಂದೆ ವಿವರಿಸಿದರು.

ಹಾಗಾದರೆ ಮಾಡುವುದೇನು? ೧೯೮೬ರಲ್ಲಿ ಪ್ರಕಟವಾದ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅವರ ಪ್ರಯೋಗದಲ್ಲಿ ವಿದ್ಯಾರ್ಥಿಗಳು ನಾಲ್ಕು ದಿನ, ದಿನಕ್ಕೆ ೧೫ ನಿಮಿಷ ಬರೆದರು. ನೋವಿನ ಸಂಗತಿಯನ್ನೂ ಅದರ ಭಾವನೆಯನ್ನೂ ಕೂಡಿಸಿ ಬರೆದವರಿಗೆ ಆ ಕ್ಷಣದಲ್ಲಿ ದುಃಖವೇ ಹೆಚ್ಚಿತು. ಆದರೆ ಮುಂದಿನ ಆರು ತಿಂಗಳಲ್ಲಿ ಅವರು ವೈದ್ಯರ ಬಳಿಗೆ ಹೋದುದು ಉಳಿದವರಿಗಿಂತ ಕಡಮೆ. ಅನಂತರದ ಪರೀಕ್ಷೆಗಳು ಈ ಫಲವು ಅಲ್ಪವೆಂದೂ ಎಲ್ಲರಿಗೂ ಸಮವಲ್ಲವೆಂದೂ ತೋರಿಸಿವೆ.

ಬರೆಹವು ಸಾಲವನ್ನು ತೀರಿಸದು. ಅದಕ್ಕೊಂದು ಆಕಾರ ಕೊಡುವುದು. ಆಕಾರ ಬಂದುದನ್ನು ಆಪ್ತರೊಬ್ಬರಿಗೆ ಹೇಳುವುದು ಸುಲಭ. ಮೊದಲು ಮೊತ್ತವನ್ನೇ ಹೇಳಿಬಿಡಬೇಕು. ಪೀಠಿಕೆ ಬೆಳೆದಷ್ಟೂ ಧೈರ್ಯ ಕುಗ್ಗುವುದು. ಕೇಳುವವರೂ ಒಡನೆಯೇ ಉಪದೇಶಕ್ಕೆ ತೊಡಗದೆ, ಪೂರ್ತಿಯಾಗಿ ಕೇಳಬೇಕು. ವಾರಗಟ್ಟಲೆ ನಿದ್ರೆ, ಅನ್ನ ಸೇರದಿದ್ದರೆ ವೈದ್ಯರನ್ನು ಕಾಣುವುದೇ ಯುಕ್ತ. ೨೦೨೨ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಗೆ ೧೪೪೧೬ರ ಮೂಲಕ ಶುಲ್ಕವಿಲ್ಲದೆ ಮಾತನಾಡಬಹುದು.

ಹೊರೆಯನ್ನು ಇಳಿಸುವ ಮುನ್ನ ಅದು ಹೆಗಲ ಮೇಲಿದೆಯೆಂದು ಒಪ್ಪಬೇಕಷ್ಟೆ.