ವಾಲಿದ ಕತ್ತನ್ನು ತಿರುಚಿ ನೇರ ಮಾಡಬೇಡಿ

ಮೂರು ವಾರದ ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿ ನೀರು ಹಾಕುವ ಅಜ್ಜಿಯರು ಬಸವನಗುಡಿ, ಚಾಮರಾಜಪೇಟೆಯ ಹಳೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ಕುತ್ತಿಗೆಯ ಒಂದು ಪಕ್ಕದಲ್ಲಿ ಕಡಲೆಕಾಯಿಯಷ್ಟು ಗಟ್ಟಿ ಗಂಟು ಇದ್ದರೆ ಮೊದಲು ತಿಳಿಯುವುದು ಅವರ ಕೈಗೇ. ಅದನ್ನು ತಿಕ್ಕಿ ಕರಗಿಸಲು ಹೋಗಬಾರದು, ವೈದ್ಯರಿಗೆ ತೋರಿಸಬೇಕು.

ಆ ಗಂಟು ಸಾಮಾನ್ಯವಾಗಿ ಕಿವಿಯ ಹಿಂದಿನಿಂದ ಎದೆಮೂಳೆಗೆ ಇಳಿಯುವ ಸ್ನಾಯುವಿನದು. ಆ ಸ್ನಾಯು ಬಿಗಿದು ಗಿಡ್ಡವಾದಾಗ ತಲೆ ಆ ಕಡೆಗೆ ವಾಲುತ್ತದೆ, ಗದ್ದ ಇನ್ನೊಂದು ಕಡೆಗೆ ತಿರುಗುತ್ತದೆ. ಗರ್ಭದಲ್ಲಿ ಇಕ್ಕಟ್ಟಾಗಿದ್ದ, ತಲೆಯ ಬದಲು ಕಾಲೋ ಕುಂಡೆಯೋ ಮುಂದಾಗಿದ್ದ, ಹೆರಿಗೆ ಕಷ್ಟವಾದ ಮಕ್ಕಳಲ್ಲಿ ಇದು ಹೆಚ್ಚು. ಮೊದಲ ಮೂರು ತಿಂಗಳೊಳಗೆ ಫಿಸಿಯೋಥೆರಪಿ ಶುರುವಾದರೆ ಬಹುಪಾಲು ಮಕ್ಕಳು ಅದರಿಂದಲೇ ಸರಿಹೋಗುತ್ತಾರೆ. ವರ್ಷ ಕಳೆದರೆ ಕೆಲವರಿಗೆ ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಅಷ್ಟರಲ್ಲಿ ತಲೆ ಒಂದು ಬದಿ ಚಪ್ಪಟೆಯಾಗಿರಲೂಬಹುದು. ಇಂಥ ಮಕ್ಕಳ ಸೊಂಟದ ಕೀಲನ್ನೂ ಪರೀಕ್ಷಿಸಿಕೊಳ್ಳಬೇಕು.

ಎಲ್ಲ ಓರೆ ಕತ್ತೂ ಸ್ನಾಯುವಿನದಲ್ಲ. ಕಣ್ಣಿನ ಒಂದು ಸ್ನಾಯು ದುರ್ಬಲವಾಗಿದ್ದರೆ ವಸ್ತು ಎರಡಾಗಿ ಕಾಣುತ್ತದೆ; ಒಂದಾಗಿಸಿಕೊಳ್ಳಲು ಮಗು ತಾನೇ ತಲೆ ವಾಲಿಸುತ್ತದೆ. ಒಂದು ಕಣ್ಣು ಮುಚ್ಚಿದಾಗ ತಲೆ ನೆಟ್ಟಗಾದರೆ ಅನುಮಾನ ಕಣ್ಣಿನ ಮೇಲೆ. ಆಲ್ಬಮ್‌ನ ಹಳೆಯ ಫೋಟೊಗಳನ್ನೂ ಒಯ್ಯಿರಿ, ವಾಲಿಕೆ ಯಾವಾಗಿನಿಂದ ಎಂಬುದು ಅವುಗಳಲ್ಲಿ ಸಿಗುತ್ತದೆ.

ನನಗೆ ಹೆಚ್ಚು ಆತಂಕ ಇರುವುದು ಮೂಳೆಯ ಬಗ್ಗೆ. ನಾವು ತಲೆ ತಿರುಗಿಸುವುದರಲ್ಲಿ ಸುಮಾರು ಅರ್ಧದಷ್ಟು ನಡೆಯುವುದು ಕುತ್ತಿಗೆಯ ಮೊದಲ ಎರಡು ಕಶೇರುಗಳ ನಡುವೆ. ಗಂಟಲು ನೋವು, ಜ್ವರ ಬಂದುಹೋದ ಮಗು ಇದ್ದಕ್ಕಿದ್ದಂತೆ ನೋವಿನಿಂದ ಕತ್ತು ಓರೆ ಮಾಡಿಕೊಂಡು, ನೇರ ಮಾಡಲಾಗದೆ ಅಳುತ್ತಿದ್ದರೆ, ಸೋಂಕು ಅಲ್ಲಿನ ಕಟ್ಟುಗಳನ್ನು ಸಡಿಲಿಸಿ ಕೀಲು ಜಾರಿರಬಹುದು. ಫ್ರಾನ್ಸಿನ ವೈದ್ಯ ಗ್ರಿಸೆಲ್ 1930ರಲ್ಲೇ ಇದನ್ನು ವಿವರಿಸಿದ್ದರು. ಮೊದಲ ವಾರದಲ್ಲೇ ಗೊತ್ತಾದರೆ ಸಾಮಾನ್ಯವಾಗಿ ಆಂಟಿಬಯೋಟಿಕ್, ಕಾಲರ್ ಸಾಕಾಗುತ್ತವೆ. ತಿಂಗಳು ಕಳೆದರೆ ತೂಕ ಕಟ್ಟಿ ಎಳೆಯಬೇಕಾದೀತು, ಕಶೇರುಗಳನ್ನು ಬೆಸೆಯಬೇಕಾದೀತು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ, ಬಹುಕಾಲದ ರುಮಟಾಯ್ಡ್ ಸಂಧಿವಾತದವರಲ್ಲಿ ಈ ಕೀಲು ಸಡಿಲವಾಗಿರಬಹುದು. ಕ್ಷಯವೂ ಇಲ್ಲಿಗೆ ಬರುತ್ತದೆ. ಓರೆ ಕತ್ತಿನ ಜೊತೆಗೆ ಅಂಗಿಯ ಗುಂಡಿ ಹಾಕಲು ಕೈ ತಡವರಿಸುವುದು, ನಡಿಗೆ ಓಲಾಡುವುದು, ಬೆಳಗಿನ ವಾಂತಿ-ತಲೆನೋವು, ಇವು ಕಂಡ ದಿನವೇ ಆಸ್ಪತ್ರೆಗೆ ಹೊರಡಿ. ವಾಂತಿ ನಿಲ್ಲಿಸುವ ಕೆಲವು ಔಷಧಿಗಳಿಂದಲೂ ಕತ್ತು ತಿರುಚಿಕೊಳ್ಳುತ್ತದೆ, ಆದ್ದರಿಂದ ಕೊಟ್ಟ ಮಾತ್ರೆಯ ಹೆಸರು ಹೇಳಿ.

ದೊಡ್ಡವರು ಕ್ಷೌರದಂಗಡಿಯಲ್ಲಿ ಕತ್ತಿನ ನೆಟಿಗೆ ತೆಗೆಸಿಕೊಳ್ಳುವುದೂ ನಿಲ್ಲಬೇಕು. 2024ರಲ್ಲಿ ಬಳ್ಳಾರಿಯ ಯುವಕನೊಬ್ಬನಿಗೆ ಹಾಗೆ ಕತ್ತು ತಿರುಚಿದ ಬಳಿಕ ಕುತ್ತಿಗೆಯ ರಕ್ತನಾಳಕ್ಕೆ ಪೆಟ್ಟಾಗಿ ಪಾರ್ಶ್ವವಾಯು ತಗುಲಿತು. ಬೆಂಗಳೂರಿನಲ್ಲಿ ಚಿಕಿತ್ಸೆ ಪಡೆಯಬೇಕಾಯಿತು.

ಹಳೆಯ ಬೆಂಗಳೂರಿನವರಿಗೆ ಒಂದು ಅನುಕೂಲವಿದೆ. 1900ರ ವಿಕ್ಟೋರಿಯಾ, 1913ರ ಕಟ್ಟಡದ ಮಿಂಟೊ ಕಣ್ಣಾಸ್ಪತ್ರೆ, 1935ರ ವಾಣಿವಿಲಾಸ ಮೂರೂ ಕೆ.ಆರ್. ಮಾರುಕಟ್ಟೆಯ ಬಳಿ ನಡೆದು ಹೋಗುವಷ್ಟು ಹತ್ತಿರದಲ್ಲಿವೆ, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಆಸ್ಪತ್ರೆ ಇದೆ. ಒಂದೂವರೆ ತಿಂಗಳ ಲಸಿಕೆಗೆ ಹೋದಾಗ ಕೂಸಿನ ತಲೆ ಎರಡೂ ಕಡೆಗೆ ಸಲೀಸಾಗಿ ತಿರುಗುತ್ತದೆಯೇ ನೋಡಿ ಎಂದು ವೈದ್ಯರನ್ನು ನೀವೇ ಕೇಳಿ.