ಸೈನಿಕರ ಅಂಗವೈಕಲ್ಯ ಪಿಂಚಣಿ: ಯಾರಿಗೆ, ಹೇಗೆ

ಯುದ್ಧದಲ್ಲಿ ಕಾಲು ಕಳೆದುಕೊಂಡವರಿಗೆ ಪಿಂಚಣಿ ಕೊಡಬೇಕೆಂಬುದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ಇರುವುದು ಗುಂಡಿನ ಗುರುತಿಲ್ಲದ ಕಾಯಿಲೆಗಳ ಬಗ್ಗೆ. ಹತ್ತು ಹದಿನೈದು ವರ್ಷ ದುಡಿದವರನ್ನು ಮೂರ್ಛೆರೋಗವೋ ರಕ್ತದೊತ್ತಡವೋ ಖಿನ್ನತೆಯೋ ಹಿಡಿದರೆ, ಅದು ಸೇನೆಯ ದುಡಿಮೆಯಿಂದ ಬಂದದ್ದೋ ತಾನಾಗಿ ಬಂದದ್ದೋ? ನ್ಯಾಯಮಂಡಳಿಯ ಮೆಟ್ಟಿಲೇರುವ ಎಷ್ಟೋ ಪ್ರಕರಣಗಳಲ್ಲಿ ಕೇಳಿಬರುವುದು ಇದೊಂದೇ ಪ್ರಶ್ನೆ.

ಮೂಲ ನಿಯಮ ಚಿಕ್ಕದು. ವೈಕಲ್ಯ ಶೇ. 20ಕ್ಕೆ ಕಡಿಮೆ ಇರಬಾರದು. ಅದು ಸೇನಾ ಸೇವೆಯಿಂದ ಉಂಟಾಗಿರಬೇಕು ಅಥವಾ ಸೇವೆಯಿಂದ ಉಲ್ಬಣಿಸಿರಬೇಕು. ಈ ‘ಅಥವಾ’ವನ್ನು ಮರೆಯಬಾರದು. ಮೈಯಲ್ಲಿ ಮೊದಲೇ ಅಡಗಿದ್ದ ಕಾಯಿಲೆ ಸಿಯಾಚಿನ್‌ನ ಚಳಿಯಲ್ಲೋ ಗಡಿ ಠಾಣೆಯ ಒತ್ತಡದಲ್ಲೋ ಕೆರಳಿದ್ದರೂ ಹಕ್ಕು ಹುಟ್ಟುತ್ತದೆ. ವೈಕಲ್ಯದ ಕಾರಣಕ್ಕೆ ನಡುವೆಯೇ ಹೊರಬಂದವರಿಗೆ ಕನಿಷ್ಠ ಇಷ್ಟು ವರ್ಷ ಸೇವೆ ಆಗಿರಬೇಕೆಂಬ ಷರತ್ತಿಲ್ಲ. ಜವಾನರ ಸಾಮಾನ್ಯ ಪಿಂಚಣಿಗೆ ಬೇಕಾದ 15 ವರ್ಷದ ಲೆಕ್ಕ ಇಲ್ಲಿ ಬರುವುದಿಲ್ಲ. ಅವಧಿ ಮುಗಿಸಿ ನಿವೃತ್ತರಾದವರೂ ಅರ್ಹರೇ. ರಜೆಯಲ್ಲಿ ಊರಿಗೆ ಬಂದು ಸ್ವಂತ ಕೆಲಸಕ್ಕೆ ಹೋದಾಗ ಆದ ಅಪಘಾತ ಮಾತ್ರ ಸಾಮಾನ್ಯವಾಗಿ ಇದರೊಳಗೆ ಸೇರುವುದಿಲ್ಲ. ಗಾಯಕ್ಕೂ ಸೇವೆಗೂ ಸಂಬಂಧ ಕಾಣಬೇಕು.

ಬಿಡುಗಡೆಗೆ ಮುಂಚೆ ಸೇನಾ ಆಸ್ಪತ್ರೆಯಲ್ಲಿ ಮೆಡಿಕಲ್ ಬೋರ್ಡ್ ಕೂರುತ್ತದೆ. ಕಾಯಿಲೆ ಯಾವುದು, ಎಲ್ಲಿ, ಯಾವಾಗ ಶುರುವಾಯಿತು, ಎಷ್ಟು ಶೇಕಡಾ, ಸೇವೆಗೆ ಸಂಬಂಧವಿದೆಯೋ ಇಲ್ಲವೋ ಎಂದು ಬರೆಯುವುದು ಅದೇ. ಕೊನೆಯ ಅಂಕಣದಲ್ಲಿ ‘ಎನ್‌ಎಎನ್‌ಎ’ ಎಂದು ಬಿದ್ದರೆ, ಅಂದರೆ ಸೇವೆಯಿಂದ ಉಂಟಾದದ್ದೂ ಅಲ್ಲ, ಉಲ್ಬಣಿಸಿದ್ದೂ ಅಲ್ಲ ಎಂದಾದರೆ, ಅರ್ಜಿ ತಿರಸ್ಕೃತವಾಗುವುದು ಹೆಚ್ಚುಕಡಿಮೆ ಖಚಿತ. ಎಷ್ಟೋ ಮಂದಿ ಇದನ್ನೇ ಕೊನೆಯ ಮಾತೆಂದು ನಂಬಿ ಊರಿಗೆ ಬಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾಗಬೇಕಿಲ್ಲ ಎಂಬುದಕ್ಕೆ ಧರಮ್‌ವೀರ್ ಸಿಂಗ್ ಪ್ರಕರಣವೇ ಸಾಕ್ಷಿ.

1985ರಲ್ಲಿ ಸಿಗ್ನಲ್ಸ್ ದಳಕ್ಕೆ ಸೇರಿದ ಅವರನ್ನು ಮೂರ್ಛೆರೋಗದ ಕಾರಣಕ್ಕೆ 1994ರಲ್ಲಿ ಸೇನೆಯಿಂದ ಬಿಡಿಸಲಾಯಿತು. ಬೋರ್ಡ್ ಶೇ. 20 ವೈಕಲ್ಯವೇನೋ ಬರೆಯಿತು, ಆದರೆ ಸೇವೆಗೆ ಸಂಬಂಧವಿಲ್ಲ ಎಂದಿತು. ಪಿಂಚಣಿ ಸಿಗಲಿಲ್ಲ. ಪ್ರಕರಣ ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2013ರ ಜುಲೈನಲ್ಲಿ ಅವರ ಪರವಾಗಿ ತೀರ್ಪು ಬಂತು. ನ್ಯಾಯಾಲಯದ ತರ್ಕ ಯಾರಿಗಾದರೂ ಅರ್ಥವಾಗುವಂಥದ್ದು. ಭರ್ತಿಯಾಗುವಾಗ ಸೇನೆಯ ವೈದ್ಯರೇ ಪರೀಕ್ಷಿಸಿ ಒಳಗೆ ತೆಗೆದುಕೊಂಡಿದ್ದಾರೆ. ಆಗ ದಾಖಲೆಯಲ್ಲಿ ಯಾವ ದೋಷವನ್ನೂ ಬರೆದಿಲ್ಲವೆಂದರೆ ಆತ ಆರೋಗ್ಯವಂತನಾಗಿದ್ದ ಎಂದೇ ಭಾವಿಸಬೇಕು. ಮುಂದೆ ಆರೋಗ್ಯ ಕೆಟ್ಟರೆ ಅದು ಸೇವೆಯಿಂದಲೇ ಎಂದು ಭಾವಿಸಬೇಕು. ಅಲ್ಲವೆನ್ನುವುದಾದರೆ ಸಾಬೀತು ಮಾಡುವ ಹೊಣೆ ಸೇನೆಯದು, ಸೈನಿಕನದಲ್ಲ. ಬೋರ್ಡ್ ಕಾರಣ ಕೊಡದೆ ‘ಸಂಬಂಧವಿಲ್ಲ’ ಎಂದಷ್ಟೇ ಬರೆದರೆ ಸಾಲದು. ಆಮೇಲೆ ಬಂದ ಎಷ್ಟೋ ಆದೇಶಗಳು ಈ ತೀರ್ಪಿನ ಮೇಲೇ ನಿಂತಿವೆ. ಸೈನಿಕನ ಪಾಲಿಗೆ ಇದಕ್ಕಿಂತ ದೊಡ್ಡ ಆಸರೆ ಈ ವಿಷಯದಲ್ಲಿ ಇನ್ನೊಂದಿಲ್ಲ ಎಂದು ನನ್ನ ಅನಿಸಿಕೆ.

2023ರ ಸೆಪ್ಟೆಂಬರ್ 21ರಿಂದ ಹೊಸ ಅರ್ಹತಾ ನಿಯಮಗಳು ಜಾರಿಯಲ್ಲಿವೆ. ಆ ದಿನದಿಂದೀಚೆಗೆ ಹೊರಬಂದವರು ಹೊಸ ನಿಯಮವನ್ನೇ ನೋಡಬೇಕು. ಹಳಬರಿಗೆ ಹಳೆಯ ನಿಯಮವೇ.

ಪಿಂಚಣಿಯಲ್ಲಿ ಸೇವಾ ಅಂಶ, ಅಂಗವೈಕಲ್ಯ ಅಂಶ ಎಂದು ಎರಡು ಭಾಗ. ವೈಕಲ್ಯ ಶೇ. 100 ಇದ್ದರೆ ಎರಡನೆಯ ಭಾಗ ಕೊನೆಯ ವೇತನದ ಶೇ. 30. ಕಡಿಮೆ ಇದ್ದರೆ ಅದಕ್ಕೆ ತಕ್ಕಂತೆ. ಲೆಕ್ಕ ಹಾಕುವಾಗ ಶೇ. 50ಕ್ಕಿಂತ ಕಡಿಮೆ ಇದ್ದದ್ದನ್ನು 50ಕ್ಕೆ, 50ರಿಂದ 75ರವರೆಗಿನದನ್ನು 75ಕ್ಕೆ, ಅದಕ್ಕೂ ಮೇಲಿನದನ್ನು 100ಕ್ಕೆ ಏರಿಸುವ ಸೌಲಭ್ಯವಿದೆ. ಮೊದಲು ಇದು ನಡುವೆಯೇ ಬಿಡುಗಡೆಯಾದವರಿಗಷ್ಟೇ ಇತ್ತು. ರಾಮ್ ಅವತಾರ್ ಪ್ರಕರಣದಲ್ಲಿ 2014ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಅವಧಿ ಮುಗಿಸಿದವರಿಗೂ ಅದನ್ನು ತೆರೆಯಿತು. ಕೊನೆಯ ವೇತನ 40,000 ರೂಪಾಯಿ, ವೈಕಲ್ಯ ಶೇ. 30 ಎಂದಿಟ್ಟುಕೊಳ್ಳಿ. ಏರಿಸದಿದ್ದರೆ ತಿಂಗಳಿಗೆ 3,600, ಏರಿಸಿದರೆ 6,000. ತುಟ್ಟಿಭತ್ಯೆ ಬೇರೆ. ಯುದ್ಧ, ಉಗ್ರರ ವಿರುದ್ಧದ ಕಾರ್ಯಾಚರಣೆಗಳಲ್ಲಿ ಆದ ಗಾಯಕ್ಕೆ ದರ ಇದಕ್ಕಿಂತ ಬಹಳ ಹೆಚ್ಚು.

ಜವಾನರ ಕಾಗದಪತ್ರ ಸಾಗುವುದು ರೆಜಿಮೆಂಟಿನ ರೆಕಾರ್ಡ್ಸ್ ಕಚೇರಿಯ ಮೂಲಕ. ಮರಾಠಾ ಲೈಟ್ ಇನ್‌ಫೆಂಟ್ರಿಯವರದು ಬೆಳಗಾವಿಯಲ್ಲಿ, ಮದ್ರಾಸ್ ಎಂಜಿನಿಯರ್ ಗ್ರೂಪಿನವರದು ಬೆಂಗಳೂರಿನಲ್ಲಿ. ಮಂಜೂರಾತಿ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಪತ್ರ ಕಚೇರಿಯಿಂದ ಬರುತ್ತದೆ, ಹಣ ‘ಸ್ಪರ್ಶ್’ ವ್ಯವಸ್ಥೆಯ ಮೂಲಕ ಖಾತೆಗೆ ಬೀಳುತ್ತದೆ. ತಿರಸ್ಕಾರದ ಪತ್ರ ಬಂದರೆ ಆರು ತಿಂಗಳೊಳಗೆ ಮೊದಲ ಮೇಲ್ಮನವಿ, ಅದೂ ಬಿದ್ದರೆ ಎರಡನೆಯದು, ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಮೇಲ್ಮನವಿಯಲ್ಲಿ ಬಡತನದ ಕಥೆ ಬರೆದರೆ ಪ್ರಯೋಜನ ಕಡಿಮೆ. ಭರ್ತಿಯ ದಿನ ಆರೋಗ್ಯ ಹೇಗಿತ್ತು, ಯಾವ ಯಾವ ಠಾಣೆಯಲ್ಲಿ ಎಷ್ಟು ಕಾಲ ಇದ್ದಿರಿ, ರೋಗಲಕ್ಷಣ ಮೊದಲು ಕಂಡದ್ದು ಎಲ್ಲಿ, ಬೋರ್ಡ್ ಕಾರಣ ಬರೆದಿದೆಯೋ ಇಲ್ಲವೋ ಎಂಬುದನ್ನು ದಾಖಲೆಯ ಸಮೇತ ಬರೆಯಬೇಕು.

ವರ್ಷಗಳು ಉರುಳಿಹೋದವು, ಇನ್ನೇನು ಕೇಳುವುದು ಎನ್ನುವವರಿಗೂ ಉತ್ತರವಿದೆ. ತಪ್ಪಾಗಿ ತಡೆಹಿಡಿದ ಪಿಂಚಣಿ ಪ್ರತಿ ತಿಂಗಳೂ ಮುಂದುವರಿಯುವ ಅನ್ಯಾಯ ಎಂದು ತರ್ಸೇಮ್ ಸಿಂಗ್ ಪ್ರಕರಣದಲ್ಲಿ (2008) ಸುಪ್ರೀಂ ಕೋರ್ಟ್ ಒಪ್ಪಿದೆ. ಹಾಗಾಗಿ ತಡವಾಗಿ ಕೇಳಿದರೂ ಪಿಂಚಣಿ ಸಿಗಬಹುದು. ಹಿಂದಿನ ಬಾಕಿಯನ್ನು ಮಾತ್ರ ಸಾಮಾನ್ಯವಾಗಿ ಅರ್ಜಿಗೆ ಮುಂಚಿನ ಮೂರು ವರ್ಷಕ್ಕೆ ಸೀಮಿತಗೊಳಿಸುತ್ತಾರೆ. ತಡಮಾಡಿದಷ್ಟೂ ಕೈತಪ್ಪುವುದು ಈ ಬಾಕಿಯೇ.

ನಿಮ್ಮ ಮನೆಯಲ್ಲೋ ಊರಿನಲ್ಲೋ ಹೀಗೆ ಸೇನೆಯಿಂದ ಹೊರಬಂದವರಿದ್ದರೆ ಅವರ ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಮೆಡಿಕಲ್ ಬೋರ್ಡ್ ವರದಿ ತೆಗೆಸಿ ನೋಡಿ. ವರದಿಯ ಪ್ರತಿ ಕೈಯಲ್ಲಿಲ್ಲದಿದ್ದರೆ ರೆಕಾರ್ಡ್ಸ್ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ ತರಿಸಿಕೊಳ್ಳಿ. ಅದನ್ನು ಹಿಡಿದು ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಈ ವಾರವೇ ಹೋಗಿಬನ್ನಿ.