ಅರ್ಧ ಗಂಟೆಯ ಬಣ್ಣದ ಮೇಷ್ಟ್ರು

ಕೊಕ್ಕರೆ ಬೆಳ್ಳೂರಿನ ಹುಣಸೆ ಮರಗಳಿಗೆ ಸುಣ್ಣ ಬಳಿಯುವವರು ಬೇಕಿಲ್ಲ. ಫೆಬ್ರುವರಿ ಕಳೆಯುವ ಹೊತ್ತಿಗೆ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳ ಹಿಕ್ಕೆ ಬಿದ್ದು ಎಲೆ, ಕೊಂಬೆ ಎಲ್ಲ ಬೆಳ್ಳಗೆ. ಆ ಬಿಳುಪನ್ನು ಜಲವರ್ಣದಲ್ಲಿ ಹಿಡಿಯಲು ಹೋಗಿ ಎರಡು ಹಾಳೆ ಕೆಡಿಸಿದೆ. ಆಗ ನೆನಪಾದವರು ಅಮೆರಿಕದ ಟಿವಿ ಚಿತ್ರಕಲಾ ಮೇಷ್ಟ್ರು ಬಾಬ್ ರಾಸ್. ಅವರೂ ಶುರು ಮಾಡುತ್ತಿದ್ದುದು ಬಿಳುಪಿನಿಂದಲೇ.

ಮೊದಲು ಕ್ಯಾನ್ವಾಸಿಗೆ ತೆಳ್ಳಗೆ ಬಿಳಿ ಎಣ್ಣೆಬಣ್ಣ ಸವರಿ, ಅದು ಹಸಿಯಿರುವಾಗಲೇ ಮೇಲೆ ಬೇರೆ ಬಣ್ಣ ಎಳೆಯುತ್ತಿದ್ದರು. ಹಸಿಯ ಮೇಲೆ ಹಸಿ. ಬಣ್ಣಗಳು ಅಲ್ಲೇ ಬೆರೆತು ಆಕಾಶ ತಾನಾಗಿ ತಿಳಿಯಾಗುತ್ತಿತ್ತು. ಒಣಗಲೆಂದು ದಿನಗಟ್ಟಲೆ ಕಾಯುವ ಮಾತಿಲ್ಲ. ಅರ್ಧ ಗಂಟೆಯಲ್ಲಿ ಬೆಟ್ಟ, ಕೆರೆ, ಮರ ಎಲ್ಲ ಸಿದ್ಧ. ಕೈಯಲ್ಲಿ ಎರಡಿಂಚಿನ ಬ್ರಷ್, ನಾವು ಬಾಗಿಲಿಗೆ ಪೇಂಟ್ ಹೊಡೆಯುತ್ತೇವಲ್ಲ, ಅಂಥದ್ದು. ಅದನ್ನು ಥಿನ್ನರಿನಲ್ಲಿ ಅದ್ದಿ, ಈಸಲ್ ಕಾಲಿಗೆ ಪಟಪಟ ಬಡಿದು ನಗುತ್ತಿದ್ದರು. ನನಗಂತೂ ಚಿತ್ರಕ್ಕಿಂತ ಆ ಬಡಿತವೇ ಇಷ್ಟ.

1942ರಲ್ಲಿ ಫ್ಲಾರಿಡಾದಲ್ಲಿ ಹುಟ್ಟಿದ ರಾಸ್ 20 ವರ್ಷ ವಾಯುಪಡೆಯಲ್ಲಿದ್ದವರು. ಅಲಾಸ್ಕದ ಹಿಮಬೆಟ್ಟ ಕಂಡದ್ದು ಅಲ್ಲೇ. ಕೈಕೆಳಗಿನವರ ಮೇಲೆ ಕೂಗಾಡಿ ಸಾಕಾದದ್ದೂ ಅಲ್ಲೇ. ಟಿವಿಯಲ್ಲಿ ಬಿಲ್ ಅಲೆಕ್ಸಾಂಡರ್ ಎಂಬ ಜರ್ಮನ್ ಮೂಲದ ಕಲಾವಿದರನ್ನು ನೋಡಿ ಅವರ ಶಿಷ್ಯರಾದರು. ‘ದಿ ಜಾಯ್ ಆಫ್ ಪೇಂಟಿಂಗ್’ 1983ರಿಂದ 1994ರವರೆಗೆ 403 ಕಂತು ಬಂತು. ಕಂತಿಗೆ ಮೂರು ಸಲ ಅದೇ ಚಿತ್ರ: ನೋಡಿಕೊಳ್ಳಲು ಮೊದಲೇ ಒಂದು, ಕ್ಯಾಮೆರಾದೆದುರು ಒಂದು, ಪುಸ್ತಕಕ್ಕೆ ಇನ್ನೊಂದು. ಅಷ್ಟು ಸಲೀಸಾಗಿ ಕಂಡದ್ದರ ಹಿಂದಿನ ತಾಲೀಮು ಇದು. 1995ರಲ್ಲಿ, 52ನೇ ವಯಸ್ಸಿಗೇ ತೀರಿಕೊಂಡರು.

ಕಣ್ಣೆದುರೇ ಚಿತ್ರ ಮೂಡುವ ರುಚಿ ನಮಗೂ ಗೊತ್ತು. ಶತಾವಧಾನಿ ಗಣೇಶರು ಆಶುವಾಗಿ ಪದ್ಯ ಕಟ್ಟುತ್ತಿದ್ದರೆ ಪಕ್ಕದಲ್ಲಿ ಬಿ.ಕೆ.ಎಸ್. ವರ್ಮಾ ಕುಂಚ ಹಿಡಿದು ಅದನ್ನೇ ರೂಪಕ್ಕಿಳಿಸುತ್ತಿದ್ದರು. 2023ರಲ್ಲಿ ಅವರೂ ಹೋದರು. ಒಂದು ವ್ಯತ್ಯಾಸ ಮಾತ್ರ ಇದೆ. ವರ್ಮಾ ಅವರ ಕೈ ನೋಡಿದರೆ ‘ಅಬ್ಬಾ’ ಅನ್ನಿಸುತ್ತಿತ್ತು. ರಾಸ್ ಕೈ ನೋಡಿದರೆ ‘ಇಷ್ಟೇನಾ, ನಾನೂ ಬರೆದೇನು’ ಅನ್ನಿಸುತ್ತದೆ. ಬರೆಯಲು ಕೂತರೆ ಬರುವುದಿಲ್ಲ, ಅದು ಬೇರೆ ಮಾತು.

ರಾಸ್ ಚಿತ್ರಗಳಲ್ಲಿ ಮನುಷ್ಯರು ಅಪರೂಪ. ಆದರೆ ಮನೆಯಲ್ಲಿ ಸಾಕುತ್ತಿದ್ದ ತಬ್ಬಲಿ ಅಳಿಲುಮರಿಯನ್ನು ಕಾರ್ಯಕ್ರಮಕ್ಕೇ ತಂದು ತೋರಿಸುತ್ತಿದ್ದರು. ಬೆಳ್ಳೂರಿನವರಿಗೆ ಇದೇನು ಹೊಸದಲ್ಲ. ಇಲ್ಲಿ ಹಕ್ಕಿಗಳೆಂದರೆ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಗೂಡಿನಿಂದ ಬಿದ್ದ ಮರಿಗಳನ್ನು ಬೇಲಿಯೊಳಗಿಟ್ಟು ಮೀನು ಹಾಕಿ ಸಾಕುವುದುಂಟು.

ಮೂರನೇ ಹಾಳೆ ತೆಗೆದೆ. ಬೆನ್ನ ಹಿಂದೆ ನಿಂತಿದ್ದ ಹುಡುಗ ಬಹಳ ಹೊತ್ತು ನೋಡಿ, “ಕೊಕ್ರೆ ಬಾಲದತ್ರ ಗುಲಾಬಿ ಬಣ್ಣ ಇರ್ತದೆ ಸಾ, ನೀವು ಹಾಕೇ ಇಲ್ವಲ್ಲ. ಕೊಡಿ ಇಲ್ಲಿ,” ಎಂದು ಬ್ರಷ್ ಇಸಿದುಕೊಂಡ.